ಪರೀಕ್ಷೆಗೆ ಕೂತ ಮದುಮಗ

ಅವತ್ತಿನ ರಂಪಕ್ಕೆಲ್ಲ ಕಾರಣ ಒಂದು ಬಟ್ಟಲು ಹಳದಿ ಲೇಪ. ಅಕ್ಕಿಹಿಟ್ಟು, ಅರಿಶಿಣ, ಹೂವಿನೆಣ್ಣೆ ಕಲಸಿದ ಆ ಲೇಪವನ್ನು ಮದುಮಗನ ಬರಿಮೈಗೆ ಸೊಂಟದಿಂದ ಕುತ್ತಿಗೆವರೆಗೂ ಬಳಿಯುತ್ತಾರೆ ಅನ್ನುವುದನ್ನು ಮದುಮಗನಾಗಿ ಕೂರಲು ಒಪ್ಪಿದ್ದ ಬೈಕ್ ರಿಪೇರಿ ತರಗತಿಯ ಹುಡುಗನಿಗೆ ಬೆಳಿಗ್ಗೆಯವರೆಗೆ ಯಾರೂ ಹೇಳಿರಲಿಲ್ಲ. ಹೇಳಿದ್ದೇ ತಡ, ಬಿಚ್ಚಿದ್ದ ಅಂಗಿಯನ್ನು ಮತ್ತೆ ತೊಟ್ಟು, "ಒಂದು ನಿಮಿಷ ಬಂದೆ ಬು" ಎಂದು ಟೀಚರಮ್ಮನಿಗೆ ಹೇಳಿದವನು ಶಾಲೆಯ ಹಿಂದಿನ ಗೋಡೆ ಹಾರಿ ಪರಾರಿಯಾದ.

ಓಡಿದರೆ ಓಡಲಿ ಬಿಡಿ ಅನ್ನುವ ಹಾಗಿರಲಿಲ್ಲ. ಜಾವಾದ ಕ್ಲಾತೆನ್ ಊರಿನ ಪಕ್ಕದ ಆ ಹೈಸ್ಕೂಲಿನಲ್ಲಿ ಮಕ್ಕಳು ಲೆಕ್ಕ, ಇತಿಹಾಸದ ಜೊತೆಗೆ ಯಾವುದಾದರೂ ಒಂದು ಕಲೆಯನ್ನೋ ಕಸುಬನ್ನೋ ಆರಿಸಿಕೊಂಡು ಕಲಿಯಬೇಕು. ಅಡುಗೆ, ಹೊಲಿಗೆ, ಬೈಕ್ ರಿಪೇರಿ, ಗಾಮೆಲಾನ್ ವಾದ್ಯ, ಜೊತೆಗೆ ವಧೂವರರ ಅಲಂಕಾರ. ಈ ಅಲಂಕಾರದ ತರಗತಿಗೆ ಅವತ್ತು ಪರೀಕ್ಷೆ. ಹುಡುಗಿಯರು ಜೀವಂತ ವಧುವನ್ನೂ ವರನನ್ನೂ ಸಿಂಗರಿಸಿ ತೋರಿಸಬೇಕು. ಸೆಮಾರಾಂಗಿನಿಂದ ಪರೀಕ್ಷಕಿ ಬಂದು ಕೂತಾಗಿದೆ. ಪಾಸಾದರೆ ತರಗತಿ ಉಳಿಯುತ್ತದೆ, ಇಲ್ಲವಾದರೆ ಮುಂದಿನ ವರ್ಷದಿಂದ ಬಾಗಿಲು ಮುಚ್ಚಬೇಕು ಎಂದು ಹೆಡ್‌ಮಾಸ್ಟರ್ ಪಾಕ್ ದಾರ್ಸೊನೊ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದರು. (ಅಲ್ಲಿ ಗಂಡಸರಿಗೆ ಪಾಕ್, ಹೆಂಗಸರಿಗೆ ಬು ಎಂದು ಸೇರಿಸಿ ಕರೆಯುವುದು ಮರ್ಯಾದೆ.) ಬೈಕ್ ರಿಪೇರಿ ಮೇಷ್ಟ್ರು ಪಾಕ್ ಗಿತೊ ಅಂತೂ ಆಗಲೇ ಟೇಪು ಹಿಡಿದು ಅಲಂಕಾರದ ಕೋಣೆಯ ಅಳತೆ ತೆಗೆಯುತ್ತಿದ್ದ.

"ಅಳಬೇಡಿ ಬು ಕಿನಾಸಿಹ್," ಎಂದ ಅವನು, ಗೋಡೆಗೆ ಟೇಪು ಒತ್ತಿ ಹಿಡಿದು. "ಈ ಕನ್ನಡಿಗಳನ್ನ ನಾವೇನೂ ಒಡೆದು ಹಾಕಲ್ಲ. ಬೈಕಿನ ಪಕ್ಕದ ಕನ್ನಡಿ ಪಾಠಕ್ಕೆ ಇಟ್ಕೋತೀವಿ."

"ನಾನೇನೂ ಅಳ್ತಾ ಇಲ್ಲ. ಟೇಪು ಒಳಗಿಡಿ," ಎಂದಳು ಅಲಂಕಾರದ ಟೀಚರ್ ಕಿನಾಸಿಹ್. ಅಳುತ್ತಲೇ ಇದ್ದಳು.

ಆ ಹೊತ್ತಿಗೆ ಸರಿಯಾಗಿ, ಯಾವ ಜನ್ಮದ ಕರ್ಮವೋ, ಗಾಮೆಲಾನ್ ಮೇಷ್ಟ್ರು ಲುಕಿತೊ ಬಾಗಿಲಲ್ಲಿ ಇಣುಕಿದ.

ಲುಕಿತೊ ಒಳ್ಳೆಯವನು. ಆದರೆ ಅವನ ಬಾಯಲ್ಲಿ 'ಆಗಲ್ಲ' ಅನ್ನುವ ಮಾತು ಹುಟ್ಟಿದಾಗಿನಿಂದ ಬಂದಿಲ್ಲ. ಒಂದೇ ಭಾನುವಾರ ಮೂರು ಮದುವೆಗೆ ವಾದ್ಯ ನುಡಿಸಲು ಒಪ್ಪಿಕೊಂಡು ಮೂರೂ ಕಡೆ ಬೈಸಿಕೊಂಡವನು ಅವನು. ಅಂಥವನನ್ನು ಕಿನಾಸಿಹ್ ಕಣ್ಣೀರು ತುಂಬಿಕೊಂಡು ನೋಡಿದರೆ? ಅದೂ ಅವತ್ತು ಸಂಜೆ ಅವಳ ಮನೆಗೆ ಹೆಣ್ಣು ಕೇಳಲು ಹೊರಟಿರುವಾಗ?

ಹೌದು, ಅದೇ ವಿಷಯ. ಇಬ್ಬರ ಪ್ರೀತಿ ಸ್ಟಾಫ್ ರೂಮಿಗೆ ಗೊತ್ತಾಗದಂತೆ ವರ್ಷಗಟ್ಟಲೆ ಬಚ್ಚಿಟ್ಟುಕೊಂಡು, ಕೊನೆಗೂ ಆ ಸಂಜೆ ಇಶಾ ನಮಾಜಾದ ಮೇಲೆ ಹಿರಿಯರನ್ನು ಕರೆತರುತ್ತೇನೆಂದು ಲುಕಿತೊ ಮಾತು ಕೊಟ್ಟಿದ್ದ. ಜಾವಾದಲ್ಲಿ ಹುಡುಗ ತಾನೇ ಹೋಗಿ ಹೆಣ್ಣು ಕೇಳುವ ಹಾಗಿಲ್ಲ. ಅವನ ಪರವಾಗಿ ಬೀದಿಯ ಹಿರಿಯನೊಬ್ಬ ನಯವಾದ ಮಾತಿನಲ್ಲಿ ಕೇಳಬೇಕು, ಹೆಣ್ಣಿನ ಕಡೆಯ ಹಿರಿಯನೊಬ್ಬ ಅದಕ್ಕಿಂತ ನಯವಾಗಿ ಉತ್ತರ ಕೊಡಬೇಕು. ಹುಡುಗನ ಹೆಸರಾಗಲಿ ಹುಡುಗಿಯ ಹೆಸರಾಗಲಿ ಎತ್ತುವುದು ಒರಟುತನ.

ಕಿನಾಸಿಹ್ ಅಪ್ಪ ಪಾಕ್ ಹಾರ್ಜೊ ಅಂತೂ ಈ ಕಲೆಯಲ್ಲಿ ಪ್ರಚಂಡ. ಸುತ್ತಲಿನ ಯಾವ ಊರಿನಲ್ಲಿ ಮಾತುಕತೆಯಾದರೂ ಅವರೇ ಬಂದು ಮಾತಾಡಬೇಕು. ಅವರು ಕೊಟ್ಟ ಮಾತು ಮುರಿದುಬಿದ್ದ ಉದಾಹರಣೆಯೇ ಇಲ್ಲ. ಲುಕಿತೊಗೆ ಅವರನ್ನು ನೆನೆದರೇ ನಾಲಿಗೆ ಒಣಗುತ್ತಿತ್ತು.

ಅವನ ಅಮ್ಮನದು ಇನ್ನೊಂದು ಗೋಳು. ಬೆಳಿಗ್ಗೆ ಅಂಟಕ್ಕಿಗೆ ಬೆಲ್ಲ ಹಾಕಿ ಸಿಹಿ ಕಲಸುತ್ತಾ ಕೇಳಿದ್ದಳು: "ಹುಡುಗಿ ಹೆಸರು ಹೇಳಲ್ಲ, ಮನೆ ಹೇಳಲ್ಲ. ನಾನೇನು ಸೊಸೇನ ಕಣ್ಣು ಕಟ್ಕೊಂಡು ಕರ್ಕೊಂಡು ಬರ್ಲಾ?"

"ನಮ್ಮ ಶಾಲೇಲೇ ಇದಾಳಮ್ಮ. ಅವರಪ್ಪ ಎಲ್ಲರಿಗೂ ಗೊತ್ತಿರೋರು. ಸಂಜೆ ನಾನೇ ಕರ್ಕೊಂಡು ಹೋಗ್ತೀನಲ್ಲ."

"ಒಂದು ಫೋಟೋನಾದ್ರೂ ಕಳಿಸೋ, ಪುಣ್ಯಾತ್ಮ."

"ಕಳಿಸ್ತೀನಮ್ಮ," ಎಂದಿದ್ದ, ಎಂದಿನ ಹಾಗೆ. ಅಮ್ಮ ಸಂತೆಯಲ್ಲಿ ಬೇಯಿಸಿದ ಸೊಪ್ಪಿಗೆ ಕಡಲೆಕಾಯಿ ಚಟ್ನಿ ಕಲಸಿದ ಪೆಚೆಲ್ ಮಾರುವವಳು. ಅವಳಿಗೆ ಹೇಳಿದ ಗುಟ್ಟು ಪ್ರತಿ ಎಲೆ ಪೊಟ್ಟಣದ ಜೊತೆಗೂ ಹೋಗುತ್ತದೆ. ಅದಕ್ಕೇ ಅವನ ಈ ಎಚ್ಚರಿಕೆ.

ಈಗ ಗಿತೊ ಟೇಪು ಸುತ್ತಿಕೊಂಡು ಆಚೆ ಹೋದದ್ದೇ ಕಿನಾಸಿಹ್ ಅವನ ತೋಳು ಹಿಡಿದಳು. ಅವನನ್ನು ಅವಳು ಸಲುಗೆಯಿಂದ ಕರೆಯುವುದು ಮಾಸ್ ಎಂದೇ. "ಮಾಸ್, ನೀನೇ ಕೂತ್ಕೋ."

"ಎಲ್ಲಿ?"

"ಮದುಮಗನ ಜಾಗದಲ್ಲಿ. ಎರಡು ಗಂಟೆ ಅಷ್ಟೇ. ನನಗೋಸ್ಕರ."

"ಮದುಮಗಳು ಯಾರು?"

"ಲೈಬ್ರರಿ ನೋಡ್ಕೊಳ್ಳೋ ಮೆನಿಕ್. ಹೆಡ್‌ಮಾಸ್ಟರ್ ಮಗಳು."

ಮೆನಿಕ್ ಬಂದ ಗಂಡುಗಳಿಗೆಲ್ಲ ಒಂದೊಂದು ಕೊಂಕು ತೆಗೆದು ವಾಪಸ್ ಕಳಿಸಿದವಳು. ಒಬ್ಬನ ಕಿವಿ ದೊಡ್ಡದು, ಇನ್ನೊಬ್ಬ ಸಾರು ಸುರಿಯುವಾಗ ಸದ್ದು ಮಾಡುತ್ತಾನೆ, ಮತ್ತೊಬ್ಬ ಲೈಬ್ರರಿ ಪುಸ್ತಕದ ಮೂಲೆ ಮಡಿಸಿದ. "ನನ್ನ ಕಣ್ಣು ಮುಚ್ಚೋದರೊಳಗೆ ಒಂದ್ಸಲ ಆದ್ರೂ ಮದುಮಗಳ ವೇಷದಲ್ಲಿ ನೋಡ್ತೀನಿ, ಪರೀಕ್ಷೆಗಾದ್ರೂ ಸರಿ," ಎಂದು ಹೆಡ್‌ಮಾಸ್ಟರೇ ಅವಳನ್ನು ಒಪ್ಪಿಸಿ ಕಳಿಸಿದ್ದರು.

ಲುಕಿತೊ ಬಾಯಿ ತೆರೆದ. 'ಆಗಲ್ಲ' ಅನ್ನಬೇಕೆಂದೇ ತೆರೆದಿದ್ದು. "ಆಗ್ಲಿ," ಅನ್ನುವುದು ಹೊರಗೆ ಬಂತು.

ಹತ್ತು ನಿಮಿಷದಲ್ಲಿ ಹುಡುಗಿಯರು ಅವನ ಅಂಗಿ ಕಿತ್ತು, ಎತ್ತರದ ಟೋಪಿ ಇಟ್ಟು, ಸೊಂಟಕ್ಕೆ ಮಾರುದ್ದದ ಬಾತಿಕ್ ಸುತ್ತಿ, ಬೆನ್ನಿಗೆ ಕಿರುಗತ್ತಿ ಸಿಕ್ಕಿಸಿ, ಅದಕ್ಕೆ ಮಲ್ಲಿಗೆ ಸರ ಇಳಿಬಿಟ್ಟರು. ಆಮೇಲೆ ಶುರುವಾಯಿತು ಲೇಪ. ಲುಕಿತೊಗೆ ಬಾಲ್ಯದಿಂದಲೂ ಕಚಗುಳಿ ಜಾಸ್ತಿ. ಕಂಕುಳ ಹತ್ತಿರ ಕೈ ಹೋದಾಗಲೆಲ್ಲ ಅವನು ಹಿಹಿಹಿ ಎಂದು ಕುಣಿಯುತ್ತಿದ್ದ, ಲೇಪ ಕನ್ನಡಿಗೆ ಹಾರುತ್ತಿತ್ತು. ಪರೀಕ್ಷೆ ಹುಡುಗಿಯರದ್ದು, ಟೀಚರ್ ಒಂದು ಬೆರಳೂ ತಾಗಿಸುವಂತಿಲ್ಲ. ಕಿನಾಸಿಹ್ ಕಿಟಕಿಯಾಚೆ ನಿಂತು ಹಲ್ಲು ಕಚ್ಚಿ, 'ಅಲುಗಬೇಡ' ಎಂದು ಕಣ್ಣಲ್ಲೇ ಬೈಯುತ್ತಿದ್ದಳು.

"ಫೋಟೋ ತೆಗೆಯೋಕೆ ನಿಮ್ಮ ಫೋನ್ ಕೊಡಿ ಪಾಕ್," ಎಂದಳೊಬ್ಬ ಹುಡುಗಿ. "ನಮ್ಮದರಲ್ಲಿ ಎಲ್ಲರೂ ದೆವ್ವದ ಥರ ಬರ್ತಾರೆ." ಉಟ್ಟ ಬಟ್ಟೆಯಲ್ಲಿ ಜೇಬಿಲ್ಲ, ಬೇಡ ಅನ್ನುವ ಅಭ್ಯಾಸವೂ ಇಲ್ಲ. ಕೊಟ್ಟ.

ಅಂಗಳಕ್ಕೆ ಕರೆತಂದು ಮೆನಿಕ್ ಪಕ್ಕ ಕೂರಿಸಿದಾಗ ಇಡೀ ಶಾಲೆ ಹೋ ಎಂದಿತು. ಹಣೆಯ ಮೇಲೆ ಕಪ್ಪು ತೀಡಿ, ತಲೆಗೆ ಬಂಗಾರದ ಹೂ ಸಿಕ್ಕಿಸಿ ಕೂತ ಮೆನಿಕ್ ಎಷ್ಟು ಚೆನ್ನಾಗಿ ಕಾಣುತ್ತಿದ್ದಳೆಂದರೆ ಅವಳಪ್ಪನೇ ಒಂದು ಗಳಿಗೆ ಗುರುತು ಹಿಡಿಯಲಿಲ್ಲ. ಆಮೇಲೆ ಹಿಡಿದು, ಕರವಸ್ತ್ರ ತೆಗೆದು, ಮೂಗು ಸೀಟಿದರು.

ಪರೀಕ್ಷಕಿ ಮಾತ್ರ ಕರಗುವ ಹೆಂಗಸಲ್ಲ. ವಧೂವರರ ಸುತ್ತ ಎರಡು ಸುತ್ತು ಬಂದು, "ಹೀಗೆ ಗೊಂಬೆ ಥರ ಕೂರಿಸಿದ್ರೆ ಎಲ್ಲಾರೂ ಚೆಂದಾನೇ," ಎಂದರು. "ನಡೆದಾಗ ಉಡುಗೆ ನಿಲ್ಲುತ್ತೋ, ಬಗ್ಗಿದಾಗ ಬಣ್ಣ ನಿಲ್ಲುತ್ತೋ ನೋಡಬೇಕು. ಎದುರುಗೊಳ್ಳೋ ಶಾಸ್ತ್ರ ಪೂರ್ತಿ ಮಾಡಿಸಿ."

"ಪೂರ್ತಿನಾ?" ಎಂದ ಲುಕಿತೊ.

"ಮದುಮಗ ಮಾತಾಡೋ ಹಾಗಿಲ್ಲ," ಎಂದು ಪಾಕ್ ಗಿತೊ ಗುಂಪಿನಿಂದ ಕೂಗಿದ.

ಶಾಸ್ತ್ರ ಶುರುವಾಯಿತು. ಇಬ್ಬರೂ ಎದುರುಬದುರು ನಡೆದು ವೀಳ್ಯದ ಸುರುಳಿ ಎಸೆಯಬೇಕು. ಮೆನಿಕ್ ಎಸೆದದ್ದು ನೆಟ್ಟಗೆ ಅವನ ಮೂಗಿಗೆ ಬಡಿಯಿತು. ಅವನು ಎಸೆದದ್ದು ಪರೀಕ್ಷಕಿಯ ಮಡಿಲಿಗೆ ಬಿತ್ತು. ಇತ್ತ ಅವನ ಗಾಮೆಲಾನ್ ಮಕ್ಕಳು ಮೇಷ್ಟ್ರಿಲ್ಲದ ಖುಷಿಗೆ ತಾಳ ತಪ್ಪಿ, ಮದುವೆಯ ಮೆರವಣಿಗೆಯ ರಾಗವನ್ನು ಪೊಲೀಸರು ಅಟ್ಟಿಸಿಕೊಂಡು ಬಂದ ವೇಗದಲ್ಲಿ ಬಾರಿಸತೊಡಗಿದರು. ಲುಕಿತೊ ತಡೆದ, ತಡೆದ, ಕೊನೆಗೆ ತಡೆಯಲಾರದೆ ಬೆನ್ನಿನ ಕಿರುಗತ್ತಿ ಹಿರಿದು, "ನಿಧಾನ! ದೊಡ್ಡ ಗಂಟೆ ಎಲ್ಲೋ? ಮಲಗಿದ್ಯೇನೋ?" ಎಂದು ಅರಚಿದ. ಮುಂದಿನ ಸಾಲಿನಲ್ಲಿದ್ದ ಎಳೆಯ ಹುಡುಗಿಯರು ಚೀರಿಕೊಂಡು ಓಡಿದರು.

ಅದಾದ ಮೇಲೆ ಮದುಮಗ ಬರಿಗಾಲಲ್ಲಿ ಹಸಿ ಮೊಟ್ಟೆ ತುಳಿದು ಒಡೆಯಬೇಕು, ಮದುಮಗಳು ಹೂವಿನ ನೀರಿನಿಂದ ಆ ಕಾಲು ತೊಳೆಯಬೇಕು. ಲುಕಿತೊ ತುಳಿದ, ಜಾರಿದ, ಆತುಕೊಳ್ಳಲು ಕೈಗೆ ಸಿಕ್ಕಿದ್ದು ಮೆನಿಕ್ ಹೆಗಲು. ಹಿಡಿದುಕೊಂಡ. ಜನ ಶಿಳ್ಳೆ ಹಾಕಿದರು. ಮೆನಿಕ್ ತಲೆ ತಗ್ಗಿಸಿ ಕಾಲು ತೊಳೆದಳು. ತೊಳೆಯುತ್ತಾ ಮೆಲ್ಲಗೆ, "ನಿಮ್ಮ ಕಿವಿ ಅಂಥ ದೊಡ್ಡದೇನಲ್ಲ," ಎಂದಳು.

ಲುಕಿತೊ ಏನು ಹೇಳಬೇಕು? "ಹೂಂ," ಎಂದ.

ಪರೀಕ್ಷಕಿ ಉಡುಗೆಯನ್ನು ಎಳೆದು ನೋಡಿದರು, ಹಣೆಯ ಕಪ್ಪನ್ನು ಉಜ್ಜಿ ನೋಡಿದರು, ಏನೋ ಗೀಚಿಕೊಂಡರು. "ಫಲಿತಾಂಶ ಹೆಡ್‌ಮಾಸ್ಟರಿಗೆ ಸಂಜೆ ತಿಳಿಸ್ತೀನಿ," ಎಂದು ಊಟಕ್ಕೆ ಹೊರಟರು. ಕಿನಾಸಿಹ್ ಲುಕಿತೊ ಕಡೆ ನೋಡಿ ಕಣ್ಣಲ್ಲೇ ನಕ್ಕಳು. ಆ ಒಂದು ನಗೆಗೆ ಅವನು ಇನ್ನೂ ಒಂದು ಡಜನ್ ಮೊಟ್ಟೆ ತುಳಿಯುತ್ತಿದ್ದ.

ಪೇಚಿಗೆ ಸಿಕ್ಕಿಸಿದ್ದು ಸ್ನಾನ. ಸಂಜೆ ಭಾವಿ ಮಾವನ ಮುಂದೆ ಹಳದಿ ಮೈಯಲ್ಲಿ ಹೋಗುವುದು ಹೇಗೆ? ನಲ್ಲಿಯ ಕೆಳಗೆ ಎಷ್ಟು ಉಜ್ಜಿದರೂ ಬಣ್ಣ ಜಪ್ಪಯ್ಯ ಅನ್ನಲಿಲ್ಲ. ಅಷ್ಟರಲ್ಲಿ ಪಾಕ್ ಗಿತೊ ಮರುಕದಿಂದ ಬಂದ.

"ಎಂಜಿನ್ ಜಿಡ್ಡನ್ನೇ ತೆಗೆಯೋ ಸೋಪು ನಮ್ಮ ಹತ್ತಿರ ಇದೆ. ಈ ಅರಿಶಿಣ ಯಾವ ಲೆಕ್ಕ? ತಿರುಗು ಆ ಕಡೆ."

"ಬೇಡ..." ಎಂದು ಅರ್ಧ ಹೇಳಿದ ಲುಕಿತೊ.

"ಸಂಕೋಚ ಬೇಡ ಅಂತ ತಾನೇ? ಇಲ್ಲಪ್ಪ, ನನಗೇನೂ ಸಂಕೋಚ ಇಲ್ಲ," ಎಂದು ಗಿತೊ ತೆಂಗಿನ ನಾರು ಹಿಡಿದು ಬೆನ್ನಿಗೆ ಬಿದ್ದ. ಅರಿಶಿಣಕ್ಕೆ ಕ್ಷಾರ ಬಿದ್ದರೆ ಏನಾಗುತ್ತದೆಂದು ಅಡುಗೆಮನೆಯ ಹೆಂಗಸರಿಗೆಲ್ಲ ಗೊತ್ತು, ಬೈಕ್ ಮೇಷ್ಟ್ರಿಗೆ ಗೊತ್ತಿಲ್ಲ. ಹಳದಿಯಾಗಿದ್ದ ಲುಕಿತೊ ನೋಡನೋಡುತ್ತಿದ್ದಂತೆ ಕುಂಕುಮದ ಹಾಗೆ ಕೆಂಪಾದ.

"ಬಣ್ಣ ಬಿಡ್ತಾ ಇದೆ," ಎಂದ ಗಿತೊ ಹೆಮ್ಮೆಯಿಂದ.

ಹುಳಿ ಹಚ್ಚಿ, ಎಣ್ಣೆ ಹಚ್ಚಿ, ಮತ್ತೆ ತೊಳೆದು, ಕೆಂಪು ಅಷ್ಟಿಷ್ಟು ತಗ್ಗುವ ಹೊತ್ತಿಗೆ ಮಗ್ರಿಬ್ ಬಾಂಗ್ ಕೂಗಿ ಮುಗಿದಿತ್ತು. ಫೋನು ಹುಡುಗಿಯರಿಂದ ವಾಪಸ್ ಬಂತು, ಚಾರ್ಜು ಸತ್ತು ಹೋಗಿತ್ತು. ಕುತ್ತಿಗೆವರೆಗೆ ಗುಂಡಿ ಹಾಕಿದ ಬಾತಿಕ್ ಅಂಗಿ ತೊಟ್ಟು ಲುಕಿತೊ ಮನೆಗೆ ಬೈಕ್ ಓಡಿಸಿದ.

ಮನೆಗೆ ಬೀಗ. ಪಕ್ಕದ ಮನೆಯ ಅಜ್ಜಿ ಜಗಲಿಯಲ್ಲಿ ಕೂತು ಕೋಳಿಗಳನ್ನು ಗೂಡಿಗೆ ಅಟ್ಟುತ್ತಿದ್ದಳು.

"ಅಯ್ಯೋ, ನೀನಿನ್ನೂ ಇಲ್ಲೇ ಇದೀಯಾ? ನಿಮ್ಮಮ್ಮ, ನಿನ್ನ ಪರ ಮಾತಾಡೋಕೆ ಒಪ್ಪಿದ್ದ ಪಾಕ್ ಕಾರ್ಯೊ, ಬೀದಿಯವರೆಲ್ಲ ವ್ಯಾನು ತುಂಬ್ಕೊಂಡು ಹುಡುಗಿ ಮನೇಗೆ ಹೋಗಿ ಎಷ್ಟೊತ್ತಾಯ್ತು!"

"ನಾನಿಲ್ದೇ? ಅವರಿಗೆ ಮನೆ ಎಲ್ಲಿ ಗೊತ್ತಿತ್ತಜ್ಜಿ?"

"ಮಧ್ಯಾಹ್ನ ಫೋಟೋ ಕಳಿಸಿದ್ಯಲ್ಲ. ನಿಮ್ಮಮ್ಮ ನೋಡಿ ಅತ್ತೇಬಿಟ್ಲು. ಪಾಕ್ ಕಾರ್ಯೊ ಕನ್ನಡಕ ಹಾಕ್ಕೊಂಡು, 'ಓ, ಇವಳ ಅಪ್ಪ ಯಾರಿಗೆ ಗೊತ್ತಿಲ್ಲ!' ಅಂದ. 'ಇನ್ನು ತಡ ಮಾಡೋದು ಮರ್ಯಾದೆ ಅಲ್ಲ, ಕತ್ತಲಾಗೋ ಮುಂಚೆ ಹೊರಡಿ' ಅಂತ ಅವನೇ ಎಬ್ಬಿಸ್ಕೊಂಡು ಹೋದ."

ಲುಕಿತೊ ಕ್ಷಣ ಯೋಚಿಸಿದ. ಫೋನಿನಲ್ಲಿ ಶಾಲೆಯ ಪ್ರವಾಸದ ದಿನ ತೆಗೆದ ಕಿನಾಸಿಹ್ ಚಿತ್ರ ಇತ್ತು. ಅಮ್ಮ 'ಫೋಟೋ ಎಲ್ಲಿ' ಎಂದು ಕೇಳಿರಬೇಕು, ಫೋನು ಕೈಯಲ್ಲಿದ್ದ ಹುಡುಗಿಯರು ಅದನ್ನೇ ಹುಡುಕಿ ಕಳಿಸಿರಬೇಕು. ಆ ಚೂಟಿಗಳಿಗೆ ಗೊತ್ತಿಲ್ಲದ ಗುಟ್ಟು ಶಾಲೆಯಲ್ಲಿ ಯಾವುದಿದೆ? ಅವನಿಗೆ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಅಮ್ಮನಿಗೆ ಹೇಳುವ ಕಷ್ಟ ತಾನಾಗೇ ತಪ್ಪಿತಲ್ಲ! ಶಿಳ್ಳೆ ಹಾಕುತ್ತಾ ಕಿನಾಸಿಹ್ ಮನೆಗೆ ಬೈಕ್ ತಿರುಗಿಸಿದ.

ಅಲ್ಲಿ ಅಂಗಳ ಗುಡಿಸಿ, ಚಾಪೆ ಹಾಸಿ, ಕೋಳಿ ಹುರಿದು, ತಟ್ಟೆಗಳಿಗೆ ಬಾಳೆಎಲೆ ಕತ್ತರಿಸಿಟ್ಟು ಕಾಯುತ್ತಿದ್ದರು. ಆದರೆ ವ್ಯಾನಿಲ್ಲ. ಒಬ್ಬ ಹಿರಿಯನೂ ಇಲ್ಲ. ಕಿನಾಸಿಹ್ ಹೊಸ ಕಬಾಯ ರವಿಕೆ ತೊಟ್ಟು ಬಾಗಿಲಿಗೆ ಬಂದಳು.

"ಒಬ್ಬನೇ ಬಂದ್ಯಾ ಮಾಸ್? ಹಿರಿಯರು?"

"ನನಗಿಂತ ಮುಂಚೆ ಹೊರಟರಂತೆ. ದಾರೀಲಿ ಎಲ್ಲೋ ಸೋತೋ ಸಾರು ಕುಡಿಯೋಕೆ ನಿಂತಿರ್ತಾರೆ. ನಿಮ್ಮಪ್ಪ ಎಲ್ಲಿ?"

ಕಿನಾಸಿಹ್ ಬಾಯಿಗೆ ಕೈ ಅಡ್ಡ ಇಟ್ಟು ನಕ್ಕಳು. "ಅದೊಂದು ದೊಡ್ಡ ತಮಾಷೆ. ಹೆಡ್‌ಮಾಸ್ಟರ್ ಮನೇಗೆ ಯಾರೋ ದಿಢೀರಂತ ಹೆಣ್ಣು ಕೇಳೋಕೆ ಬಂದಿದಾರಂತೆ. ಮೆನಿಕ್‌ಗೆ! ಉತ್ತರ ಕೊಡೋಕೆ ಹಿರಿಯರಿಲ್ಲ, ತಕ್ಷಣ ಬನ್ನಿ ಅಂತ ಅಪ್ಪನ್ನ ಕರೆಸ್ಕೊಂಡ್ರು. ನನ್ನ ತರಗತಿ ಅವರ ಕೈಲಿದೆ ನೋಡು, ಇಲ್ಲ ಅನ್ನೋಕಾಗುತ್ತಾ? ನಿಮ್ಮೋರು ಬರೋದರೊಳಗೆ ಮುಗಿಸಿ ಬರ್ತೀನಿ ಅಂತ ಹೋದ್ರು."

"ಮೆನಿಕ್‌ಗಾ! ಯಾರಪ್ಪ ಆ ಪುಣ್ಯಾತ್ಮ?" ಎಂದು ಲುಕಿತೊ ಹೊಟ್ಟೆ ಹಿಡಿದುಕೊಂಡು ನಕ್ಕ. "ಅವನ ಕಿವಿ ಎಷ್ಟು ದೊಡ್ಡದಿದೆಯೋ, ಪಾಪ!"

ಕಿನಾಸಿಹ್ ಅಮ್ಮ ಮೂರು ಸಲ ಚಹಾ ಬಿಸಿ ಮಾಡಿದಳು. ಕೋಳಿ ತಣ್ಣಗಾಯಿತು. ಲುಕಿತೊ ದಾರಿ ನೋಡಿದ, ಸತ್ತ ಫೋನನ್ನು ನೋಡಿದ, ಕೊನೆಗೆ ಕಿನಾಸಿಹ್ ಚಾರ್ಜರಿಗೆ ಅದನ್ನು ಚುಚ್ಚಿ ಕೂತ.

ಅಷ್ಟರಲ್ಲಿ ಪಾಕ್ ಹಾರ್ಜೊ ಬಂದರು. ಬಿರುದು ಗೆದ್ದು ಬಂದ ಪೈಲ್ವಾನನ ನಡಿಗೆ.

"ಎಂಥಾ ಸಂಜೆ, ಎಂಥಾ ಸಂಜೆ!" ಎಂದು ಚಾಪೆಯ ಮೇಲೆ ಕೂತರು. "ಹುಡುಗನ ಕಡೆ ಮಾತಾಡೋಕೆ ಬಂದೋನು ಯಾರೋ ಕಾರ್ಯೊ ಅಂತೆ. 'ನಿಮ್ಮ ತೋಟದಲ್ಲಿ ಒಂದು ಹೂವು ಅರಳಿದೆ' ಅಂತ ಶುರು ಮಾಡಿ ಅಲ್ಲೇ ನಿಂತುಬಿಟ್ಟ, ಮುಂದೆ ಮಾತೇ ಹೊರಡಲ್ಲ! ನಾನೇ ಅವನ ಮಾತನ್ನೂ ತುಂಬಿ, ನಮ್ಮ ಉತ್ತರಾನೂ ಹೇಳಿ, ಇಬ್ಬರೂ ಹಿಂದೆ ಸರಿಯೋಕೆ ದಾರೀನೇ ಇಲ್ಲದ ಹಾಗೆ ಗಂಟು ಹಾಕಿ ಬಂದೆ. ಹುಡುಗನ ತಾಯಿ ಅಂತೂ ಅತ್ತೂ ಅತ್ತೂ ಕರಗಿಹೋದ್ಲು. ಮದುವೆ ತಿಂಗಳೂ ನಿಶ್ಚಯ ಆಯ್ತು."

ಲುಕಿತೊಗೆ ಚಹಾ ನೆತ್ತಿಗೇರಿತು. "ಯಾ... ಯಾವ ಕಾರ್ಯೊ?"

"ನನಗೇನು ಗೊತ್ತಪ್ಪ. ಹುಡುಗನ ಹೆಸರು ಕೇಳೋದು ನಮ್ಮ ಕಡೆ ಮರ್ಯಾದೆಯಲ್ಲ. ಅವನು ಬಂದೂ ಇರಲಿಲ್ಲ. 'ಬೆಳಗಿಂದ ಸುಸ್ತಾಗಿದಾನೆ, ಬಿಡಿ ಪಾಪ' ಅಂತ ಹೆಡ್‌ಮಾಸ್ಟರೇ ವಹಿಸ್ಕೊಂಡು ಮಾತಾಡಿದ್ರು. ಅದಿರಲಿ, ನಿಮ್ಮ ಹಿರಿಯರೆಲ್ಲಿ?"

ಚಾರ್ಜರಿಗೆ ಚುಚ್ಚಿದ ಫೋನಿಗೆ ಆಗ ಜೀವ ಬಂತು. ಬಂದದ್ದೇ ಟಣ್ ಟಣ್ ಎಂದು ಸದ್ದು. ಕಿನಾಸಿಹ್ ಎತ್ತಿ ನೋಡಿದಳು. ಮೇಲ್ಗಡೆ 'ಫೋಟೋ ಎಲ್ಲೋ?' ಎಂಬ ಅಮ್ಮನ ಪ್ರಶ್ನೆ, ಅದಕ್ಕೆ ಮಧ್ಯಾಹ್ನ ಹುಡುಗಿಯರು ಅವನ ಫೋನಿನಿಂದ ಕಳಿಸಿದ ಚಿತ್ರ: ಹಳದಿ ಮೈಯ ಲುಕಿತೊ, ಪಕ್ಕದಲ್ಲಿ ತಲೆ ತಗ್ಗಿಸಿದ ಮೆನಿಕ್. ಕೆಳಗೆ ಅಮ್ಮನ ಉತ್ತರ: ಚಿನ್ನದಂಥ ಹುಡುಗಿ ಕಣೋ, ಇಷ್ಟು ದಿನ ಯಾಕೆ ಬಚ್ಚಿಟ್ಟೆ? ಅದರ ಕೆಳಗೆ ಈಗಷ್ಟೇ ಬಂದದ್ದು: ಒಪ್ಪಿಕೊಂಡರು ಮಗನೇ!

ಕಿನಾಸಿಹ್ ಫೋನನ್ನು ಅಪ್ಪನ ಮುಂದೆ ಇಟ್ಟಳು. ಪಾಕ್ ಹಾರ್ಜೊ ಚಿತ್ರ ನೋಡಿದರು, ಲುಕಿತೊನ ಮುಖ ನೋಡಿದರು. ಅವನು ಅಳುವುದೊಂದು ಬಾಕಿ. ಬೆಳಗಿನಿಂದ ನಡೆದದ್ದನ್ನೆಲ್ಲ ಗೋಡೆ ಹಾರಿದ ಹುಡುಗನಿಂದ ಹಿಡಿದು ಒಂದೇ ಉಸಿರಿಗೆ ಒದರಿಬಿಟ್ಟ. "ನನಗೆ ಬೇಕಾಗಿರೋದು ನಿಮ್ಮ ಮಗಳು, ಪಾಕ್. ಬೇರೆ ಯಾರೂ ಬೇಡ," ಎಂದ. ಬದುಕಿನಲ್ಲಿ ಮೊದಲ ಸಲ ಅವನ ಬಾಯಿಂದ 'ಬೇಡ' ಪೂರ್ತಿಯಾಗಿ ಬಂದಿತ್ತು.

ಆಗಲೇ ಕಿನಾಸಿಹ್ ಫೋನು ಬಡಿದುಕೊಂಡಿತು. ಹೆಡ್‌ಮಾಸ್ಟರು. ದನಿ ಅಂಗಳದವರೆಗೂ ಕೇಳುತ್ತಿತ್ತು. "ಪಾಸು, ಬು ಕಿನಾಸಿಹ್! ನಿಮ್ಮ ತರಗತಿ ಉಳೀತು! ಮೆನಿಕ್ ಮದುವೆ ಅಲಂಕಾರ ನಿಮ್ಮ ಹುಡುಗಿಯರಿಗೇ ಬಿಟ್ಟಿದ್ದು. ಅದೇ ವರ, ಅಳತೇನೂ ತಗೋಬೇಕಿಲ್ಲ!"

ಕಿನಾಸಿಹ್ ಫೋನು ಕೆಳಗಿಟ್ಟಳು. ಖುಷಿಪಡಬೇಕೋ ಅಳಬೇಕೋ ತಿಳಿಯದೆ ಎರಡನ್ನೂ ಮಾಡಿದಳು. "ಅಪ್ಪಾ, ನೀವು ಹೋಗಿ ಹೇಳಿ. ನೀವು ಕೊಟ್ಟ ಮಾತು ನೀವೇ ವಾಪಸ್ ತಗೊಳ್ಳಿ."

"ಹಾಗೆಲ್ಲ ಆಗಲ್ಲಮ್ಮ," ಎಂದರು ಪಾಕ್ ಹಾರ್ಜೊ ಗಂಭೀರವಾಗಿ. "ಕೇಳಿದ್ದು ಹುಡುಗನ ಕಡೆಯವರು. ಬೇಡ ಅನ್ನೋದಾದ್ರೆ ಅವರ ಕಡೆ ಹಿರಿಯರೇ ಹೋಗಿ ಶಾಸ್ತ್ರೋಕ್ತವಾಗಿ ಬಿಡುಗಡೆ ಕೇಳಬೇಕು."

"ನಾಳೆ ಬೆಳಿಗ್ಗೇನೇ ಪಾಕ್ ಕಾರ್ಯೊನ ಕಳಿಸ್ತೀನಿ," ಎಂದ ಲುಕಿತೊ, ಆಸೆ ಚಿಗುರಿ. "ಯಾರನ್ನ ಬೇಕಾದ್ರೂ ಕಳಿಸ್ತೀನಿ."

"ಕಳಿಸು. ನನ್ನ ಆಶೀರ್ವಾದ ಇದೆ. ನೀನು ನನ್ನ ಅಳಿಯ ಆಗ್ಬೇಕು ಅಂತ ನನಗೂ ಆಸೆ," ಎಂದರು ಪಾಕ್ ಹಾರ್ಜೊ. ಆಮೇಲೆ ಯಾಕೋ ಮುಖ ಆ ಕಡೆ ತಿರುಗಿಸಿಕೊಂಡರು. "ಆದರೆ ಒಂದು ತೊಂದರೆ ಇದೆ. ಹೆಣ್ಣಿನ ಕಡೆಯಿಂದ ಬಿಡುಗಡೆ ಕೊಡಲ್ಲ ಅಂತ ಉತ್ತರ ಹೇಳೋಕೆ ಹೆಡ್‌ಮಾಸ್ಟರು ನನ್ನನ್ನೇ ಕರೀತಾರೆ."

"ಸುಮ್ನೆ ಸೋತುಬಿಡಿ ಅಪ್ಪಾ!" ಎಂದು ಕಿನಾಸಿಹ್ ಕೂಗಿದಳು.

"ಸೋಲೋದಾ?" ಪಾಕ್ ಹಾರ್ಜೊ ಎದ್ದು ನಿಂತರು. ಆ ಮಾತು ಅವರಿಗೆ ನಿಜವಾಗಿಯೂ ಅರ್ಥವಾದಂತೆ ಕಾಣಲಿಲ್ಲ. "ಆ ಕಾರ್ಯೊ ಎದುರಿಗಾ? ಊರಿನವರೆಲ್ಲ ಕೂತಿರೋವಾಗ?"

ಅವರು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಸ್ವಲ್ಪ ಹೊತ್ತಿನಲ್ಲೇ ಗಂಟಲು ಸರಿಪಡಿಸಿಕೊಳ್ಳುವ ಸದ್ದು ಕೇಳಿಸಿತು, ಆಮೇಲೆ ಮೆಲ್ಲಗೆ ಮಾತು. ನಾಳೆಯ ಉತ್ತರವನ್ನು ಅವರು ಆಗಲೇ ಹದ ಮಾಡತೊಡಗಿದ್ದರು. ಚಾಪೆಯ ಮೇಲೆ ಕೂತಿದ್ದ ಲುಕಿತೊಗೂ ಅದು ಕೇಳುತ್ತಿತ್ತು. ಪಾಪ, ಆ ಉತ್ತರ ತುಂಬಾ ಚೆನ್ನಾಗಿತ್ತು.